ಮನೆಯಲ್ಲಿ ಸೈಡರ್: ಮೊದಲು ಸಾನ್ನಾಂ ಹಿಟ್ಟನ್ನು ನೆನೆಯಿರಿ

ಹಬ್ಬದ ಮುನ್ನಾ ರಾತ್ರಿ ಸಾನ್ನಾಂ ಹಿಟ್ಟಿಗೆ ಶೇಂದಿ ಬೆರೆಸಿ ಮುಚ್ಚಿಡುವ ನಮ್ಮ ಮನೆಗಳಿಗೆ ಹುದುಗುವಿಕೆ ಹೊಸ ವಿಷಯವಲ್ಲ. ಆದರೂ ವಿದೇಶದಲ್ಲಿರುವ ನಮ್ಮ ಊರಿನ ಯುವಜನರು ಸೇಬಿನ ರಸದಿಂದ ಸೈಡರ್ ತಯಾರಿಸುವ ಬಗ್ಗೆ ಆಗಾಗ ಕೇಳುತ್ತಿರುವುದರಿಂದ, ಹೊಸಬರು ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲಿಗೆ ಕಾನೂನಿನ ಮಾತು. 1965ರ ಕರ್ನಾಟಕ ಅಬಕಾರಿ ಕಾಯ್ದೆಯಂತೆ ಪರವಾನಗಿಯಿಲ್ಲದೆ ಮದ್ಯ ತಯಾರಿಸುವಂತಿಲ್ಲ. ಕುವೈತಿನಲ್ಲಿ ಮದ್ಯವೇ ನಿಷಿದ್ಧ. ಹಾಗಾಗಿ ಸೈಡರ್ ಕುರಿತು ಹೇಳುವುದು ಬ್ರಿಟನ್‌ನಂತೆ ಸ್ವಂತ ಬಳಕೆಗೆ ಅವಕಾಶವಿರುವ ದೇಶಗಳಲ್ಲಿ ನೆಲೆಸಿದವರಿಗೆ ಮಾತ್ರ.

ಶೇಂದಿಯಲ್ಲಿಯೂ ಸೈಡರ್‌ನಲ್ಲಿಯೂ ಕೆಲಸ ಮಾಡುವುದು ಯೀಸ್ಟ್ ಎಂಬ ಸೂಕ್ಷ್ಮಜೀವಿ. ಅದು ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡ್ ಅನಿಲವನ್ನೂ ಬಿಡುತ್ತದೆ. ಹಿಟ್ಟಿನಲ್ಲಿ ಈ ಅನಿಲ ಗುಳ್ಳೆಗಳಾಗಿ ನಿಲ್ಲುವುದರಿಂದಲೇ ಸಾನ್ನಾಂ ಮೆತ್ತಗೆ ಉಬ್ಬುತ್ತವೆ. ಸೈಡರ್‌ನಲ್ಲಿ ಅದೇ ಅನಿಲ ಹೊರಗೆ ಹೋಗಬೇಕು. ಹೊಸಬರು ಎಡವುವುದು ಇಲ್ಲಿಯೇ.

ಒಂದು ಲೀಟರ್ ಸೇಬಿನ ರಸದಲ್ಲಿ ಸುಮಾರು 100 ಗ್ರಾಂ ಸಕ್ಕರೆ ಇರುತ್ತದೆ. ಅದಷ್ಟೂ ಹುದುಗಿದರೆ ಸುಮಾರು 25 ಲೀಟರ್ ಅನಿಲ ಹುಟ್ಟುತ್ತದೆ. ಬಿಗಿಯಾಗಿ ಮುಚ್ಚಿದ ಗಾಜಿನ ಬಾಟಲಿ ಇದನ್ನು ತಾಳಲಾರದು. ನಮ್ಮ ಪರಿಚಯದ ಮನೆಯೊಂದರಲ್ಲಿ ಹಾಗೆ ಮುಚ್ಚಿಟ್ಟ ಬಾಟಲಿ ನಡುರಾತ್ರಿ ಸಿಡಿದು ಗಾಜಿನ ಚೂರುಗಳು ಎದುರಿನ ಕಪಾಟಿನ ಮರದಲ್ಲಿ ನಾಟಿದ್ದವು. ಪುಣ್ಯಕ್ಕೆ ಅಡುಗೆಕೋಣೆಯಲ್ಲಿ ಯಾರೂ ಇರಲಿಲ್ಲ.

ರಸ ಕೊಳ್ಳುವಾಗ ಚೀಟಿ ಓದಬೇಕು. ಸೋರ್ಬೇಟ್ ಅಥವಾ ಬೆನ್ಝೋಯೇಟ್ ಬೆರೆಸಿದ ರಸ ಸರಿಯಾಗಿ ಹುದುಗುವುದಿಲ್ಲ. ಪಾತ್ರೆಯನ್ನು ಚೆನ್ನಾಗಿ ತೊಳೆದು, ನೊರೆಗೆ ಜಾಗ ಬಿಟ್ಟು ರಸ ತುಂಬಿಸಿ, ಐದು ಲೀಟರಿಗೆ ಒಂದು ಗ್ರಾಂನಷ್ಟು ವೈನ್ ಯೀಸ್ಟ್ ಹಾಕಿದರೆ ಸಾಕು. ಬ್ರೆಡ್ಡಿನ ಯೀಸ್ಟಿನಿಂದಲೂ ಆಗುತ್ತದೆ, ಆದರೆ ರುಚಿ ನಮಗೆ ಹಿಡಿಸಲಿಲ್ಲ. ಬಾಯಿಗೆ ನೀರು ತುಂಬಿದ ಏರ್‌ಲಾಕ್ ಸಿಕ್ಕಿಸಬೇಕು. ಅನಿಲ ನೀರಿನ ಮೂಲಕ ಹೊರಬರುತ್ತದೆ, ಹೊರಗಿನ ಗಾಳಿ ಒಳಗೆ ಹೋಗುವುದಿಲ್ಲ. 18ರಿಂದ 20 ಡಿಗ್ರಿಯಲ್ಲಿ ಎರಡು ಮೂರು ವಾರ ಬೇಕು. ಗುಳ್ಳೆ ನಿಂತಿತೆಂದು ಆತುರಪಡಬಾರದು. ಹೈಡ್ರೋಮೀಟರಿನ ಅಳತೆ 1.000 ಅಥವಾ ಅದಕ್ಕಿಂತ ಕೆಳಗಿಳಿದು, ಮೂರು ದಿನ ಬದಲಾಗದಿದ್ದ ಮೇಲಷ್ಟೇ ಬಾಟಲಿಗೆ ತುಂಬಬೇಕು. ಗಾಳಿ ಸೇರಿದರೆ ಬೇರೆ ಬ್ಯಾಕ್ಟೀರಿಯಾ ಮದ್ಯಸಾರವನ್ನು ವಿನೆಗರ್ ಮಾಡಿಬಿಡುತ್ತದೆ. ಹಳೆಯ ಶೇಂದಿ ಹುಳಿಯಾಗುವುದೂ ಹೀಗೆಯೇ. ಹಂದಿಮಾಂಸದ ಅಡುಗೆ ಮಾಡುವವರು ಅದನ್ನು ನಷ್ಟವೆಂದು ಎಣಿಸಲಾರರು!

ಊರಿನಲ್ಲಿರುವವರು ಎಲೆಕೋಸಿನಿಂದ ಆರಂಭಿಸುವುದು ಲೇಸು. ಇಲ್ಲಿ ಕೆಲಸ ಲ್ಯಾಕ್ಟಿಕ್ ಬ್ಯಾಕ್ಟೀರಿಯಾದ್ದು. ಅದು ಎಲೆಯಲ್ಲೇ ಇರುತ್ತದೆ, ಹೊರಗಿನಿಂದ ಏನೂ ಬೆರೆಸಬೇಕಾಗಿಲ್ಲ. ಸಣ್ಣಗೆ ಹೆಚ್ಚಿದ ಒಂದು ಕಿಲೋ ಎಲೆಕೋಸಿಗೆ 20 ಗ್ರಾಂ ಉಪ್ಪು ಹಾಕಿ, ನೀರು ಬಿಡುವ ತನಕ ಕೈಯಿಂದ ಹಿಸುಕಿ ಭರಣಿಗೆ ಒತ್ತಿ ತುಂಬಿ. ಉಪ್ಪನ್ನು ಕಣ್ಣಳತೆಯಲ್ಲಿ ಹಾಕದೆ ತೂಗಿಯೇ ಹಾಕಿ. ಕಡಿಮೆಯಾದರೆ ಕೊಳೆಯಿಸುವ ಜೀವಿಗಳಿಗೆ ಅವಕಾಶವಾಗುತ್ತದೆ. ತುಣುಕುಗಳು ಸದಾ ಉಪ್ಪುನೀರಿನೊಳಗೆ ಮುಳುಗಿರಲಿ, ಅದಕ್ಕಾಗಿ ಮೇಲೊಂದು ತೊಳೆದ ಕಲ್ಲಿಟ್ಟರಾಯಿತು. ಮುಚ್ಚಳ ಬಿಗಿ ಮಾಡಬೇಡಿ. ಮೇಲೆ ತೆಳುವಾದ ಬಿಳಿ ಪೊರೆ ಕಂಡರೆ ತೆಗೆದುಹಾಕಿ. ಹಸಿರು, ಕಪ್ಪು ಅಥವಾ ರೋಮದಂತಹ ಬೂಷ್ಟು ಬಂದರೆ ಭರಣಿಯಲ್ಲಿರುವುದೆಲ್ಲವನ್ನೂ ಚೆಲ್ಲಿ. ನಮ್ಮ ಕರಾವಳಿಯ ಸೆಕೆಗೆ ಐದನೆಯ ದಿನ ರುಚಿ ನೋಡಬಹುದು. ಹುಳಿ ಸಾಕೆನಿಸಿದ ಕೂಡಲೇ ಫ್ರಿಜ್ಜಿನಲ್ಲಿಡಿ.