ಕಳಮೇಶ್ವರ ದಾಟಿ ಬಂದ ಹೂವು?

ನಾಗಪುರದ ಪಕ್ಕದ ಕಳಮೇಶ್ವರದಲ್ಲಿ ರೋಡೋಡೆಂಡ್ರಾನ್ ನೆಟ್ಟರೆ ಒಂದು ಬೇಸಿಗೆ ಕಳೆಯುವುದೂ ಅನುಮಾನ. ಮೇ ತಿಂಗಳ 45 ಡಿಗ್ರಿ ಬಿಸಿಲು ಒಂದು ಕಾರಣ; ಅದಕ್ಕಿಂತ ದೊಡ್ಡ ತೊಡಕು ಅಲ್ಲಿನ ಎರೆಮಣ್ಣು. ಹತ್ತಿ, ಕಿತ್ತಳೆಗೆ ಒಗ್ಗುವ ಆ ಸುಣ್ಣದಂಶದ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಈ ಗಿಡಕ್ಕೆ ದಕ್ಕುವುದಿಲ್ಲ. ನರಗಳಷ್ಟೇ ಹಸಿರಾಗಿ ಉಳಿದು ಎಲೆ ಹಳದಿಗಟ್ಟುತ್ತದೆ. ಎರಿಕೇಸಿ ಕುಟುಂಬದ ಈ ಸಸ್ಯಕುಲಕ್ಕೆ ಹುಳಿಮಣ್ಣೇ ಬೇಕು. ಕೂದಲೆಳೆಯಂಥ ಬೇರುಗಳಲ್ಲಿ ಮನೆಮಾಡಿದ ಶಿಲೀಂಧ್ರ, ಕೊಳೆತ ತರಗೆಲೆಯಿಂದ ಸಾರಜನಕ ಬಿಡಿಸಿಕೊಟ್ಟು ಗಿಡದಿಂದ ಸಕ್ಕರೆ ಪಡೆಯುತ್ತದೆ.

ಆದರೂ ಈ ಹೂವಿನ ಕತೆ ಹೇಳುವಾಗ ಆ ಸೀಮೆಯನ್ನು ಬಿಡುವಂತಿಲ್ಲ. ಭಾರತದ ರೋಡೋಡೆಂಡ್ರಾನ್‌ಗಳೆಲ್ಲ ಹೆಚ್ಚುಕಡಿಮೆ ಹಿಮಾಲಯದವು. ಉತ್ತರಾಖಂಡದವರು ಬುರಾಂಶ್ ಎನ್ನುವ ಕೆಂಪು ಹೂವಿನ ಮರ ಸುಮಾರು 1500 ಮೀಟರ್ ಎತ್ತರದಿಂದ ಮೇಲೆ ಬೆಳೆಯುತ್ತದೆ. ಅದರದೇ ಉಪಪ್ರಭೇದ ‘ನೀಲಗಿರಿಕಂ’ ಇರುವುದು ನೀಲಗಿರಿ, ಆನೆಮಲೆ, ಪಳನಿ ಬೆಟ್ಟಗಳಲ್ಲಿ. ನಡುವಿನ ಸುಮಾರು 2000 ಕಿಲೋಮೀಟರ್ ಖಾಲಿ!

ಮೀನುಗಳಲ್ಲೂ ಇಂಥದೇ ಒಗಟು ಕಂಡ ಪ್ರಾಣಿವಿಜ್ಞಾನಿ ಸುಂದರ್ ಲಾಲ್ ಹೋರಾ, 1940ರ ದಶಕದಲ್ಲಿ, ಸಾತ್ಪುರ ಬೆಟ್ಟಸಾಲೇ ಹಿಂದೆ ದಾರಿಯಾಗಿತ್ತು ಎಂದು ವಾದಿಸಿದರು. ಕಳಮೇಶ್ವರ ಇರುವುದು ಆ ಸಾಲಿನ ತೆಂಕಣ ಮಗ್ಗುಲಲ್ಲಿ. ವಾದ ಇನ್ನೂ ತೀರ್ಮಾನವಾಗಿಲ್ಲ. ನನ್ನದೊಂದು ಒರಟು ಲೆಕ್ಕ: ಹಿಮಯುಗದಲ್ಲಿ ಐದು ಡಿಗ್ರಿ ತಂಪಾಗಿದ್ದರೆ ಬುರಾಂಶ್‌ನ ಕೆಳಗಡಿ ಸುಮಾರು 800 ಮೀಟರ್ ಇಳಿದಿರಬೇಕು. ಅದೇ ಸಾಲಿನಲ್ಲಿರುವ ಪಚ್‌ಮಢಿಯ ಧೂಪಗಢ 1350 ಮೀಟರ್ ಎತ್ತರವಿದೆ, ಅಲ್ಲಿ ತಂಗಬಹುದಿತ್ತು. 300 ಮೀಟರಿನ ಆಸುಪಾಸಿನ ಕಳಮೇಶ್ವರದಲ್ಲಿ ಆಗಲೂ ಆಗುತ್ತಿರಲಿಲ್ಲ.

ಮಳೆಯ ಮಾತೇನು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ನೀಲಗಿರಿಯ ಜೌಗುನೆಲದ ಪೀಟ್ ಮಣ್ಣಿನ ಇಂಗಾಲ ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದ ಪ್ರಕಾರ, ಹಿಮಯುಗದ ಕಡುಚಳಿಯ ಕಾಲ ಒಣಗಾಲವೂ ಆಗಿತ್ತು, ಹುಲ್ಲಿನದೇ ದರ್ಬಾರು. ಇದು ಹೋರಾ ವಾದಕ್ಕೆ ಪೆಟ್ಟು ಅನ್ನಿಸಬಹುದು. ಆದರೆ ನೀಲಗಿರಿಕಂ ಶೋಲಾ ಕಾಡಿನ ಅಂಚಿನಲ್ಲಷ್ಟೇ ಅಲ್ಲ, ಬಯಲು ಹುಲ್ಲುಗಾವಲಿನಲ್ಲಿ ಒಂಟಿಯಾಗಿಯೂ ನಿಲ್ಲುವ ಮರ. ಅದರ ದಪ್ಪ ತೊಗಟೆ ಹುಲ್ಲಿನ ಬೆಂಕಿಯನ್ನು ತಾಳಿಕೊಳ್ಳುತ್ತದೆ. ಬೀಜವೋ ಗಾಳಿಗೆ ತೂರಿಹೋಗುವಷ್ಟು ಸಣ್ಣದು. ಮೀನಿಗೆ ತೊರೆಗಳು ಕೂಡಬೇಕು, ಇದಕ್ಕೆ ಗಾಳಿ ಸಾಕು. ಹಾಗಾಗಿ ಮೀನಿಗಿಂತ ಈ ಮರಕ್ಕೇ ಸಾತ್ಪುರದ ದಾರಿ ಹೆಚ್ಚು ಒಪ್ಪುತ್ತದೆ ಎಂದು ನನ್ನ ಅಂದಾಜು. ಅಲ್ಲಿನ ಹಳೆಯ ಕೆಸರಿನಲ್ಲಿ ಇದರ ಪರಾಗ ಸಿಕ್ಕರೆ ಮಾತು ಮುಗಿದಂತೆ.

ಚಳಿಗಾಲದ ಕೊನೆಗೆ ಗುಂಡ್ಲುಪೇಟೆ, ಬಂಡೀಪುರದ ಮೇಲೆ ಊಟಿಗೆ ಹೋಗುವವರು ದೊಡ್ಡಬೆಟ್ಟದ ಸುತ್ತ ಹುಡುಕಿ. ಗಂಟೆಯಾಕಾರದ ಹೂವಿನೊಳಗೆ ಹತ್ತು ಕೇಸರಗಳಿವೆ. ಪ್ರತಿಯೊಂದರ ತುದಿಯಲ್ಲೂ ಎರಡು ಸೂಜಿತೂತು, ಪರಾಗ ಹೊರಬರುವುದು ಅಲ್ಲಿಂದಲೇ. ಕೀಳಬೇಡಿ, ಬಗ್ಗಿ ನೋಡಿದರೆ ಕಾಣುತ್ತದೆ.