ಬೋವಾ ಹಾವಿಗೊಂದು ಮನೆ

ಹಾವು ಸಾಕುವುದೆಂದರೆ ನಮ್ಮ ಕಣ್ಣ ಮುಂದೆ ಬರುವುದು ಹಾವಾಡಿಗನ ಬುಟ್ಟಿ. ಮುಚ್ಚಳ ತೆಗೆದರೆ ನಾಗರ, ಮುಚ್ಚಿದರೆ ಕತ್ತಲೆ. ಆ ಕತ್ತಲೆಯಲ್ಲಿ ಹಾವಿಗೆ ಹೇಗಿರುತ್ತದೆ ಎಂಬ ಪ್ರಶ್ನೆ ನೋಡುವ ನಮಗಾಗಲಿ ಆಡಿಸುವ ಅವನಿಗಾಗಲಿ ಹೊಳೆದದ್ದು ಕಡಿಮೆ. ಇಂಗ್ಲೆಂಡು, ಜರ್ಮನಿ, ಅಮೆರಿಕಗಳಲ್ಲಾದರೋ ನಾಯಿ ಬೆಕ್ಕುಗಳನ್ನು ಸಾಕುವಂತೆ ಹಾವುಗಳನ್ನು ಸಾಕುವ ಗೃಹಸ್ಥರಿದ್ದಾರೆ; ಹಾವಿನ ಗೂಡು ಹೇಗಿರಬೇಕೆಂಬುದು ಅವರ ನಡುವೆ ಬಿಸಿ ಏರುವ ಚರ್ಚೆಯ ವಿಷಯ. ಅವರು ಬಹುವಾಗಿ ಮೆಚ್ಚಿ ತರುವ ಹಾವುಗಳಲ್ಲಿ ಬೋವಾ ಒಂದು. ಆ ಹಾವಿಗಿಂತಲೂ ಹೆಚ್ಚಾಗಿ, ಅದು ತನ್ನ ಆಯುಷ್ಯವನ್ನೆಲ್ಲ ಕಳೆಯಬೇಕಾದ ಪೆಟ್ಟಿಗೆಯನ್ನು ಕುರಿತು ಈಗ ನಾಲ್ಕು ಮಾತು.

ಬೋವಾ ಎಂದರೆ ಹೆಬ್ಬಾವೆಂದೇ ನಮ್ಮಲ್ಲಿ ಅನುವಾದಿಸುವ ರೂಢಿ. ಅದು ಸರಿಯಲ್ಲ. ನಮ್ಮ ಹೆಬ್ಬಾವು ಮೊಟ್ಟೆಯಿಟ್ಟು ಅದರ ಸುತ್ತ ಸುರುಳಿಯಾಗಿ ಕಾವು ಕೊಡುತ್ತದೆ. ಬೋವಾ ಮರಿಗಳನ್ನೇ ಹಾಕುತ್ತದೆ. ಮೆಕ್ಸಿಕೊದಿಂದ ಅರ್ಜೆಂಟೀನಾದವರೆಗೆ ಹಬ್ಬಿದ ಕಾಡು, ಕುರುಚಲು, ಹೊಳೆದಂಡೆಗಳು ಅದರ ತವರು. 1758ರಲ್ಲಿ ಲಿನೇಯಸ್ ಅದಕ್ಕೆ ‘ಬೋವಾ ಕನ್‌ಸ್ಟ್ರಿಕ್ಟರ್’ ಎಂದು ಹೆಸರಿಟ್ಟ; ಶಾಸ್ತ್ರದ ಹೆಸರೇ ಜನರ ಬಾಯಲ್ಲೂ ಉಳಿದ ಅಪರೂಪದ ಪ್ರಾಣಿಗಳಲ್ಲಿ ಇದೊಂದು. ಬೋವಾ ಎಂಬ ಮಾತಿಗಿನ್ನೂ ಹಳೆಯ ಚರಿತ್ರೆಯಿದೆ. ಆ ಹೆಸರಿನ ಹಾವು ಹಸುವಿನ ಹಾಲು ಕುಡಿದು ಬದುಕುತ್ತದೆ, ಅದರಿಂದಲೇ ಆ ಹೆಸರೆಂದು ರೋಮಿನ ಪ್ಲಿನಿ ಬರೆದಿಟ್ಟಿದ್ದಾನೆ. ಕೊಟ್ಟಿಗೆಗೆ ನುಗ್ಗಿ ಕೆಚ್ಚಲಿಗೆ ಬಾಯಿ ಹಾಕುತ್ತದೆಂದು ಕೇರೆಹಾವಿನ ಮೇಲೆ ದೂರು ಹೇಳುವ ನಮ್ಮ ಹಳ್ಳಿಗರು ಪ್ಲಿನಿಯನ್ನು ಓದಿದವರಲ್ಲ! ಸುಳ್ಳಿಗೂ ಸಮುದ್ರ ದಾಟುವ ಶಕ್ತಿಯಿದೆಯೋ, ಎರಡು ಕಡೆಯೂ ತಾನೇ ಹುಟ್ಟಿಕೊಂಡಿತೋ, ಜಾನಪದ ವಿದ್ವಾಂಸರು ಹೇಳಬೇಕು.

ಹುಟ್ಟಿದ ಬೋವಾ ಮರಿ ಒಂದೂವರೆ ಅಡಿ ಉದ್ದ, ಬೆರಳಿನ ದಪ್ಪ. ಅಂಗಡಿಯಲ್ಲಿ ಅದನ್ನು ಕಂಡವರು ಪುಟ್ಟ ಗಾಜಿನ ತೊಟ್ಟಿಯೊಂದನ್ನು ಜೊತೆಗೆ ಕೊಂಡು ಮನೆಗೆ ಹೊರಡುತ್ತಾರೆ. ಕೇಡಿನ ಮೊದಲು ಇಲ್ಲಿಯೇ. ಕೆಲವೇ ವರ್ಷಗಳಲ್ಲಿ ಆ ಮರಿ ಆರು, ಎಂಟು ಅಡಿಯಾಗುತ್ತದೆ. ಹೆಣ್ಣಾದರೆ ಇನ್ನೂ ಹೆಚ್ಚು. ಆಯುಷ್ಯವೋ ಇಪ್ಪತ್ತು ಮೂವತ್ತು ವರ್ಷ. ಅಮೆರಿಕದ ಫಿಲಡೆಲ್ಫಿಯಾ ಮೃಗಾಲಯದಲ್ಲಿದ್ದ ‘ಪಾಪಾಯ್’ ಎಂಬ ಬೋವಾ 1977ರಲ್ಲಿ ಸತ್ತಾಗ ಅದಕ್ಕೆ 40 ವರ್ಷ ಮೀರಿತ್ತು. ಹತ್ತನೆಯ ತರಗತಿಯ ಹುಡುಗ ತಂದ ಹಾವು ಅವನ ಮಕ್ಕಳ ಕಾಲಕ್ಕೂ ಇರಬಹುದು. ಆದುದರಿಂದ ಗೂಡನ್ನು ಅಳೆಯಬೇಕಾದದ್ದು ಕೈಯಲ್ಲಿರುವ ಮರಿಯಿಂದಲ್ಲ, ಮುಂದೆ ಬರಲಿರುವ ಹಾವಿನಿಂದ. ಮನೆಯ ಯಾವ ಗೋಡೆಯ ಬದಿಗೆ ಎಂಟಡಿಯ ಪೆಟ್ಟಿಗೆ ನಿಂತೀತೆಂದು ನೋಡಿ, ನಿಲ್ಲದಿದ್ದರೆ ಮರಿಯನ್ನು ಅಂಗಡಿಯಲ್ಲಿಯೇ ಬಿಟ್ಟು ಬರುವುದು ಲೇಸು.

ಎಂಟಡಿ ಏಕೆ? ಹಾವು ಸುರುಳಿ ಸುತ್ತಿ ಮಲಗುವ ಪ್ರಾಣಿ, ಅದಕ್ಕೆ ಉದ್ದನೆಯ ಜಾಗವೇಕೆ ಎಂದು ಸಾಕುವವರು ಬಹುಕಾಲ ವಾದಿಸಿದರು. ಗೂಡಿನ ಉದ್ದ, ಅಗಲ ಎರಡನ್ನೂ ಕೂಡಿಸಿದರೆ ಹಾವಿನ ಉದ್ದದಷ್ಟಾದರೆ ಸಾಕೆಂದು ಸೂತ್ರವನ್ನೂ ಕಟ್ಟಿದರು. ಹಾವುಗಳನ್ನು ಮಾರಾಟಕ್ಕೆಂದು ಬೆಳೆಸುವವರಂತೂ ಮೇಜಿನ ಖಾನೆಗಳ ಹಾಗೆ ಒಂದರ ಮೇಲೊಂದು ಪ್ಲಾಸ್ಟಿಕ್ ಡಬ್ಬಿಗಳನ್ನು ಜೋಡಿಸಿ ಒಂದೊಂದರಲ್ಲಿ ಒಂದೊಂದನ್ನು ಇಟ್ಟರು. ಉಂಡಿತು, ಬೆಳೆಯಿತು, ಮರಿ ಹಾಕಿತು, ಇನ್ನೇನು ಬೇಕು ಎಂಬುದು ಅವರ ತರ್ಕ. ಸೆರೆಮನೆಯಲ್ಲಿಯೂ ಮನುಷ್ಯ ಉಣ್ಣುತ್ತಾನೆ, ತೂಕವನ್ನೂ ಏರಿಸಿಕೊಳ್ಳುತ್ತಾನೆ. ಸ್ಥಳ ಸಿಕ್ಕಾಗ ಹಾವುಗಳು ನೇರವಾಗಿ ಮೈಚಾಚಿ ಮಲಗುತ್ತವೆ ಎಂಬುದನ್ನು ಈಚಿನ ವರ್ಷಗಳಲ್ಲಿ ಕುಳಿತು ನೋಡಿ ದಾಖಲಿಸಿದ್ದಾರೆ. ಅದು ಸುರುಳಿಯಾಗಿಯೇ ಇರುತ್ತಿದ್ದುದು ಬೇರೆ ದಾರಿಯಿಲ್ಲದ್ದರಿಂದ. ಮೈ ಪೂರ್ತಿ ಚಾಚುವಷ್ಟು ಉದ್ದವಿರಲಿ, ಅದರ ಮೂರನೆಯ ಒಂದು ಭಾಗಕ್ಕೆ ಕಡಿಮೆಯಿಲ್ಲದ ಅಗಲವಿರಲಿ ಎಂಬ ಮಾತನ್ನೇ ನಾನು ಒಪ್ಪುತ್ತೇನೆ. ಎಳೆಯ ಬೋವಾ ಮರವೇರುವ ಆಸೆಯದು. ಎರಡು ಮೂರಡಿ ಎತ್ತರ, ಅಡ್ಡಲಾಗಿ ಬಿಗಿದ ಒಂದು ಗಟ್ಟಿ ಕೊಂಬೆ ಇದ್ದರೆ ಅದೂ ತೀರುತ್ತದೆ.

ಇನ್ನು ಪೆಟ್ಟಿಗೆ ಯಾವುದರಿಂದಾಗಬೇಕು? ಮೀನು ಸಾಕುವ ಗಾಜಿನ ತೊಟ್ಟಿ ಕಣ್ಣಿಗೆ ಚೆಂದ, ಹಾವಿಗೆ ಹಿಂಸೆ. ನಾಲ್ಕು ಕಡೆಯೂ ಬಯಲು. ಅಡಗುವ ಜೀವಕ್ಕೆ ಸಂತೆಯಲ್ಲಿ ಹಾಸಿಗೆ ಹಾಸಿದಂತೆ. ಮೇಲಿನ ಜಾಲರಿಯಿಂದ ಶಾಖವೂ ತೇವವೂ ಹಾರಿಹೋಗುತ್ತವೆ. ಆ ತಂತಿಗೆ ಮೂತಿ ಉಜ್ಜಿ ಉಜ್ಜಿ ಹಾವು ಹುಣ್ಣು ಮಾಡಿಕೊಳ್ಳುತ್ತದೆ. ಎಲ್ಲಕ್ಕೂ ಮಿಗಿಲಾದ ದೋಷ, ತೊಟ್ಟಿ ತೆರೆಯುವುದು ಮೇಲಿನಿಂದ. ಹಾವಿನ ಲೋಕದಲ್ಲಿ ಮೇಲಿನಿಂದ ಇಳಿಯುವುದು ಹದ್ದು. ಒಡೆಯನ ಕೈಯೂ ಹಾಗೆ ಇಳಿದರೆ ಅದು ಬೆಚ್ಚಿ ಬಾಯಿ ಹಾಕುವುದರಲ್ಲಿ ಆಶ್ಚರ್ಯವೇನು? ಮೂರು ಕಡೆ ಮುಚ್ಚಿ, ಮುಂದೆ ಮಾತ್ರ ಗಾಜಿನ ಬಾಗಿಲಿರುವ ಪೆಟ್ಟಿಗೆ ಒಳ್ಳೆಯದು. ಮರದ್ದಾದರೆ ಶಾಖವನ್ನು ಚೆನ್ನಾಗಿ ಹಿಡಿದಿಡುತ್ತದೆ, ಆದರೆ ಸಂದುಗಳನ್ನು ಮುಚ್ಚಿ ಒಳಮೈಗೆ ನೀರು ಹಿಡಿಯದ ಲೇಪ ಕೊಡದಿದ್ದರೆ ಕೊಳೆಯುತ್ತದೆ; ಘಾಟು ಎಣ್ಣೆಯ ಸೀಡಾರ್ ಮರ ಮಾತ್ರ ಕೂಡದು. ಗಟ್ಟಿ ಪ್ಲಾಸ್ಟಿಕ್ ಹಲಗೆಯದಾದರೆ ಹಗುರ, ತೊಳೆಯುವುದು ಸುಲಭ.

ಗೂಡಿನ ಜೀವಾಳವಿರುವುದು ಶಾಖದಲ್ಲಿ. ನಮ್ಮ ಮೈ ತನ್ನ ಬಿಸಿಯನ್ನು ತಾನೇ ಉರಿಸಿಕೊಳ್ಳುತ್ತದೆ. ಹಾವು ಹೊರಗಿನಿಂದ ಎರವಲು ಪಡೆಯುತ್ತದೆ. ಇಲಿಯನ್ನು ನುಂಗಿದ ಬೋವಾಕ್ಕೆ ತಕ್ಕ ಶಾಖ ಸಿಗದಿದ್ದರೆ ಆಹಾರ ಹೊಟ್ಟೆಯಲ್ಲಿ ಅರಗುವ ಬದಲು ಕೊಳೆತು, ಹಾವು ಅದನ್ನು ಕಕ್ಕುತ್ತದೆ. ಹಾಗೆಂದು ಗೂಡೆಲ್ಲ ಒಂದೇ ಸಮ ಬಿಸಿಯಾಗಿದ್ದರೂ ಅಪಾಯವೇ, ತಂಪಾಗಬೇಕೆಂದಾಗ ಹೋಗುವುದೆಲ್ಲಿ? ಒಂದು ತುದಿ 31ರಿಂದ 33 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿ 25ರಿಂದ 27 ಡಿಗ್ರಿ. ನಡುವೆ ಹರಿದಾಡುತ್ತ ಹಾವು ತನ್ನ ಹದವನ್ನು ತಾನೇ ಆರಿಸಿಕೊಳ್ಳುತ್ತದೆ. ಉದ್ದನೆಯ ಗೂಡು ಬೇಕೆನ್ನುವುದಕ್ಕೆ ಇದು ಎರಡನೆಯ ಕಾರಣ. ಮೂರಡಿಯ ಪೆಟ್ಟಿಗೆಯಲ್ಲಿ ಎರಡು ಋತುಗಳನ್ನು ಇಡಲಾಗದು. ಶಾಖ ಮೇಲಿನಿಂದ ಬರಲಿ, ದೀಪವಾದರೆ ಸುತ್ತ ತಂತಿಯ ಪಂಜರವಿರಲಿ. ಬಿಸಿಯಾಗುವ ಕೃತಕ ಕಲ್ಲುಗಳನ್ನು ಅಂಗಡಿಗಳಲ್ಲಿ ಮಾರುತ್ತಾರೆ, ಅವನ್ನು ತರಬಾರದು. ಹೊಟ್ಟೆಯ ಕೆಳಗೆ ಸುಡುತ್ತಿದ್ದರೂ ಹಾವು ಏಳದೆ ಮಲಗಿಯೇ ಇರುವುದುಂಟು, ಬೊಬ್ಬೆ ಎದ್ದ ಮೇಲೆ ಒಡೆಯನಿಗೆ ತಿಳಿಯುತ್ತದೆ. ಕಾಯಿಸುವ ಯಾವ ಸಾಧನವಾದರೂ ಥರ್ಮೋಸ್ಟ್ಯಾಟಿನ ಹತೋಟಿಯಲ್ಲಿರಬೇಕು.

ತೇವದ ವಿಷಯದಲ್ಲಿ ನಮ್ಮ ಹುತ್ತವೇ ಗುರು. ಬೇಸಗೆಯ ಮಧ್ಯಾಹ್ನ ಹೊರಗೆ ನೆಲ ಕಾದು ಬಿರಿದಿರುವಾಗ ಹುತ್ತದ ಒಡಲು ತಂಪಾಗಿ, ತೇವವಾಗಿ, ಇಕ್ಕಟ್ಟಾಗಿ ಇರುತ್ತದೆ. ಗೆದ್ದಲು ಕಟ್ಟಿದ ಮನೆಗೆ ಹಾವು ಒಕ್ಕಲು ಬರುವುದು ಅದಕ್ಕಾಗಿಯೇ. ಇಕ್ಕಟ್ಟು ಎಂಬ ಮಾತನ್ನು ಗಮನಿಸಬೇಕು. ಹಾವಿಗೆ ಓಡಾಡಲು ವಿಶಾಲತೆ ಬೇಕು, ಅಡಗಲು ಇಕ್ಕಟ್ಟು ಬೇಕು; ಇಕ್ಕೆಲದ ಗೋಡೆಯೂ ಮೈಗೆ ತಾಗಿದಾಗಲೇ ಅದಕ್ಕೆ ಧೈರ್ಯ. ಬಿಸಿಯ ತುದಿಗೊಂದು, ತಂಪಿನ ತುದಿಗೊಂದು ಅಡಗುದಾಣ ಇರಬೇಕು. ಒಂದನ್ನೇ ಇಟ್ಟರೆ ಹಾವು ಶಾಖವನ್ನೋ ಭದ್ರತೆಯನ್ನೋ ಬಿಡಬೇಕಾಗುತ್ತದೆ, ಬಹುಮಟ್ಟಿಗೆ ಶಾಖವನ್ನೇ ಬಿಡುತ್ತದೆ. ದೊಡ್ಡ ಗೂಡಿನಲ್ಲಿ ಮರಿ ಹೆದರಿ ಉಪವಾಸ ಬೀಳುತ್ತದೆನ್ನುವವರಿಗೂ ಉತ್ತರ ಇಲ್ಲಿಯೇ ಇದೆ: ಅದನ್ನು ಹೆದರಿಸುವುದು ಗೂಡಿನ ಗಾತ್ರಕ್ಕಿಂತ ಒಳಗಿನ ಬಯಲು. ಹಾವು ಇಳಿದು ಮೈ ನೆನೆಸುವಷ್ಟು ದೊಡ್ಡ ನೀರಿನ ತೊಟ್ಟಿ, ಗಾಳಿಯಾಡಲು ಎದುರು ಬದುರು ಕಿಂಡಿಗಳು ಇದ್ದರೆ ತೇವ ಹದದಲ್ಲಿರುತ್ತದೆ. ಒಣಗಿದರೆ ಪೊರೆ ಚಿಂದಿಚಿಂದಿಯಾಗಿ ಬಂದು ಕಣ್ಣಿನ ಮೇಲಿನ ತೆಳುಬಿಲ್ಲೆ ಕಳಚದೆ ಉಳಿಯುತ್ತದೆ; ಗಾಳಿಯಿಲ್ಲದೆ ಒದ್ದೆಯಾದರೆ ಚರ್ಮದಲ್ಲಿ ಗುಳ್ಳೆ, ಎದೆಯಲ್ಲಿ ಕಫ.

ಇವನ್ನೆಲ್ಲ ಕೇಳಿ ನಮ್ಮ ಹೊಲದ ಮಣ್ಣುಮುಕ್ಕನನ್ನು ಹಿಡಿದು ತಂದು ಗೂಡು ಕಟ್ಟಲು ಯಾರೂ ಹೊರಡಬಾರದು. ಬಾಲವೂ ತಲೆಯಂತೆ ಮೊಂಡಾಗಿರುವುದರಿಂದ ಎರಡು ತಲೆಯ ಹಾವೆಂದು ಹೆಸರು ಪಡೆದ ಈ ಬಡಪಾಯಿ ಬೋವಾಗಳಿಗೆ ಹತ್ತಿರದ ನೆಂಟ. ನಿಧಿ ತೋರಿಸುತ್ತದೆಂಬ ನಂಬಿಕೆಯಿಂದ ಕಳ್ಳಸಾಗಣೆದಾರರ ಪಾಲಾಗುತ್ತಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಅದಕ್ಕಿದೆ, ಹಿಡಿದಿಡುವುದು ಅಪರಾಧ. ಹೊರನಾಡಿನ ಬೋವಾವನ್ನು ಇಟ್ಟುಕೊಂಡವರೂ ಆ ಕಾಯಿದೆಯ 2022ರ ತಿದ್ದುಪಡಿಯಂತೆ ಸರ್ಕಾರಕ್ಕೆ ತಿಳಿಸಿ ನೋಂದಾಯಿಸಬೇಕು.

ಕೊನೆಗೆ ಬೀಗ. ಹಾವು ಇಡೀ ಮೈಯೇ ತೋಳಾದ ಪ್ರಾಣಿ. ಸರಿಯುವ ಗಾಜನ್ನು ಮೂತಿಯಿಂದ ಒತ್ತಿ, ತಲೆ ತೂರುವಷ್ಟು ಸಂದಾದರೆ ಮೈಯನ್ನೂ ಎಳೆದುಕೊಳ್ಳುತ್ತದೆ. ವೆನಿಜುವೆಲಾದ ಕರಾವಳಿಗೆ ಸಮೀಪದ ಅರೂಬಾ ದ್ವೀಪದಲ್ಲಿ ಬೋವಾ ಇರಲಿಲ್ಲ. 1999ರಲ್ಲಿ ಕಾಣಿಸಿತು; ಇಂದು ದ್ವೀಪವೆಲ್ಲ ಹಬ್ಬಿ ಅಲ್ಲಿನ ಹಕ್ಕಿಗಳನ್ನೂ ಹಲ್ಲಿಗಳನ್ನೂ ತಿನ್ನುತ್ತಿದೆ. ಪೋರ್ಟೊರಿಕೊದಲ್ಲಿಯೂ ಅದೇ ಕಥೆ. ತಪ್ಪಿಸಿಕೊಂಡವೋ, ಸಾಕಲಾರದೆ ಬಿಟ್ಟವೋ, ಒಂದೊಂದು ಹೆಣ್ಣೂ ಒಮ್ಮೆಗೆ ಇಪ್ಪತ್ತು ಮೂವತ್ತು ಮರಿ ಹಾಕಬಲ್ಲ ಜಾತಿಗೆ ಅಷ್ಟು ಸಾಕು. ಬಾಗಿಲಿಗೆ ಕೀಲಿಯ ಬೀಗವೇ ಇರಬೇಕು, ಕೀಲಿಕೈ ಮಕ್ಕಳ ಕೈಗೆ ಸಿಗಬಾರದು. ಎಲ್ಲ ಸಿದ್ಧವಾದ ಮೇಲೆಯೂ ಬಲ್ಲವರು ಕೂಡಲೇ ಹಾವು ತರುವುದಿಲ್ಲ. ದೀಪ ಹೊತ್ತಿಸಿ, ನೀರಿಟ್ಟು, ಎರಡು ತುದಿಗೂ ಉಷ್ಣಮಾಪಕ ತೂಗಿಸಿ, ಬರಿಯ ಗೂಡನ್ನು ಒಂದು ವಾರ ಹಗಲೂ ರಾತ್ರಿಯೂ ನಡೆಸಿ ನೋಡುತ್ತಾರೆ.