ಮೇಳವೆಲ್ಲಾ ರೆಡಿ, ಗಿಟಾರಿಗೆ ಮಾತ್ರ ಜಾಗ ಖಾಲಿ!

ಡೋಲಿಲ್ಲದೆ ಬರೀ ನಾದಸ್ವರ ಊದಿದರೆ ಮದುವೆ ಮನೆಗೆ ಕಳೆ ಬಂದೀತೇ? ತಬಲಾ, ಹಾರ್ಮೋನಿಯಂ ಇಲ್ಲದೆ ಹರಿಕಥೆ ದಾಸರು ಎಷ್ಟು ಹೊತ್ತು ನಿಂತಾರು? ಅಮೆರಿಕದಲ್ಲಿ ಬ್ಲೂಸ್ ಗಿಟಾರ್ ಕಲಿಯುವವರ ಪಾಡೂ ಇದೇ. ಗಿಟಾರನ್ನೇನೋ ಸಾಲ ಸೋಲ ಮಾಡಿ ಕೊಂಡಾಯ್ತು. ಡ್ರಮ್ಸ್‌ನವನು, ಬೇಸ್ ಗಿಟಾರಿನವನು, ಆರ್ಗನ್ನಿನವನು, ಇವರನ್ನೆಲ್ಲ ದಿನಾ ಸಂಜೆ ಕರೆದು ಕೂರಿಸೋದು ಯಾರ ಕೈಲಾಗುತ್ತೆ?

ಅದಕ್ಕೇ ಒಂದು ಉಪಾಯ. ಮೇಳವನ್ನೇ ಮನೆಯಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳೋದು! ಇದರ ಹೆಸರು ಬ್ಯಾಕಿಂಗ್ ಟ್ರ್ಯಾಕ್. ಗಣಪತಿ ಪೆಂಡಾಲಿನಲ್ಲಿ ಕರೋಕೆ ಹಾಕಿ ಹಾಡುವುದನ್ನು ಕಂಡವರಿಗೆ ಇದು ಹೊಸದಲ್ಲ. ಅಲ್ಲಿ ಗಾಯಕನ ಜಾಗ ಖಾಲಿ, ಇಲ್ಲಿ ಗಿಟಾರಿನವನ ಜಾಗ ಖಾಲಿ.

ಹನ್ನೆರಡು ಮನೆಯ ಲೆಕ್ಕ

ಬ್ಲೂಸ್ ಅಂದರೆ ಅಮೆರಿಕದ ದಕ್ಷಿಣ ಸೀಮೆಯ ಹತ್ತಿ ಹೊಲಗಳಲ್ಲಿ ಬೆವರು ಸುರಿಸಿದ ಕಪ್ಪು ಜನರ ನಡುವೆ, 19ನೇ ಶತಮಾನದ ಕೊನೆಯ ಹೊತ್ತಿಗೆ ರೂಪು ತಳೆದ ಹಾಡು. ಅದರ ಹೆಚ್ಚಿನ ಹಾಡುಗಳು 12 ಬಾರ್‌ಗಳ ಕಟ್ಟಿನಲ್ಲಿರುತ್ತವೆ. ಬಾರ್ ಅಂದಕೂಡಲೇ ಬಸ್ ಸ್ಟ್ಯಾಂಡ್ ಎದುರಿನದು ನೆನಪಾಗಬೇಕಿಲ್ಲ! ನಾಲ್ಕು ಎಣಿಕೆಗೆ ಒಂದು ಬಾರ್. ಚೌಕಾಬಾರದ ಮನೆಗಳಿದ್ದ ಹಾಗೆ. 12 ಮನೆ, ಅಂದರೆ 48 ಎಣಿಕೆ ದಾಟಿದರೆ ಒಂದು ಸುತ್ತು.

ಬೇಕಾದ ಕಾರ್ಡುಗಳು ಮೂರೇ. 'ಎ'ಯಲ್ಲಿ ನುಡಿಸುವುದಾದರೆ ಮೊದಲ 4 ಮನೆ ಎ, ಆಮೇಲೆ 2 ಮನೆ ಡಿ, ಮತ್ತೆ 2 ಎ, ಬಳಿಕ ಇ ಒಂದು, ಡಿ ಒಂದು, ಕೊನೆಗೆ ಎರಡು ಎ. ನಿಮಿಷಕ್ಕೆ 96 ಎಣಿಕೆಯಂತೆ ಹೋದರೆ ಒಂದು ಸುತ್ತಿಗೆ ಸರಿಯಾಗಿ 30 ಸೆಕೆಂಡು. 8 ಸುತ್ತು ಹಾಕಿದರೆ ನಾಲ್ಕು ನಿಮಿಷದ ಮೇಳ ಸಿದ್ಧ.

ಮೊದಲು ಕೋಲಿನಿಂದ ನಾಲ್ಕು 'ಟಿಕ್' ಕೊಟ್ಟು ಡ್ರಮ್ಸ್ ತುಂಬಬೇಕು. ಅದನ್ನು ಕೇಳುತ್ತಾ ಬೇಸ್. ಅದರ ಮೇಲೆ ತೆಳ್ಳಗೆ ಆರ್ಗನ್ನು. ಶ್ರುತಿ ಎಳ್ಳಷ್ಟು ತಪ್ಪಿದರೂ ಜೊತೆಗೆ ನುಡಿಸುವವನು ತನ್ನ ಗಿಟಾರೇ ಕೆಟ್ಟಿದೆ ಅಂದ್ಕೊಂಡು ಕಿವಿ ಹಿಂಡ್ತಾ ಕೂರಬೇಕಾಗುತ್ತೆ!

ಗ್ಯಾರೇಜಿನಿಂದ ಫೋನಿನವರೆಗೆ

ಒಂದರ ಮೇಲೊಂದು ತುಂಬುವ ಈ ವಿದ್ಯೆಗೆ ಮನೆಯೇ ಶಾಲೆ. ಲೆಸ್ ಪಾಲ್ ಎಂಬ ಗಿಟಾರ್ ವಾದಕ ತನ್ನ ಹಾಲಿವುಡ್ ಗ್ಯಾರೇಜಿನಲ್ಲಿ ಒಬ್ಬನೇ ಕೂತು ಎಂಟು ಗಿಟಾರುಗಳ ಮೇಳ ಕಟ್ಟಿದ. 'ಲವರ್' ಎಂಬ ಆ ರೆಕಾರ್ಡು 1948ರಲ್ಲಿ ಹೊರಬಿತ್ತು. 1950ರಲ್ಲಿ ನ್ಯೂಯಾರ್ಕಿನ ಮ್ಯೂಸಿಕ್ ಮೈನಸ್ ಒನ್ ಕಂಪನಿ ಒಂದು ವಾದ್ಯ ಬಿಟ್ಟು ಉಳಿದದ್ದೆಲ್ಲ ಇರುವ ರೆಕಾರ್ಡುಗಳನ್ನು ಮಾರತೊಡಗಿತು. 1967ರಿಂದ ಜೇಮಿ ಏಬರ್‌ಸೋಲ್ಡ್ ಜಾಜ್ ಕಲಿಯುವವರಿಗೆ ಇಂಥದೇ ಸರಣಿ ತಂದರು. ಅದರ ಎರಡನೇ ಸಂಪುಟ ಪೂರ್ತಿ ಬ್ಲೂಸೇ.

1979ರಲ್ಲಿ ಟಾಸ್ಕಾಮ್ ಕಂಪನಿಯ ಪೋರ್ಟಾಸ್ಟುಡಿಯೋ ಬಂತು ನೋಡಿ, ಮಾಮೂಲಿ ಕ್ಯಾಸೆಟ್ಟಿನಲ್ಲೇ ನಾಲ್ಕು ವಾದ್ಯ ಬೇರೆಬೇರೆಯಾಗಿ ತುಂಬುವ ಯಂತ್ರ! ಸ್ಟುಡಿಯೋ ಬಾಡಿಗೆ ಕೊಡಲಾಗದವನೂ ಅಡುಗೆಮನೆ ಮೇಜಿನ ಮೇಲೆ ಮೇಳ ಕಟ್ಟಬಹುದಾಯಿತು. ಇವತ್ತು ಅದೇ ಕೆಲಸ ಜೇಬಿನ ಫೋನಿನಲ್ಲೂ ಆಗುತ್ತೆ.

ತುಂಬೋದಲ್ಲ, ಬಿಡೋದು!

ಕಷ್ಟ ಇರೋದು ಯಂತ್ರದಲ್ಲಲ್ಲ, ಕೈ ಕಟ್ಟಿಕೊಳ್ಳುವುದರಲ್ಲಿ. ಟ್ರ್ಯಾಕ್ ಮಾಡುವವನೂ ಗಿಟಾರಿನವನೇ. ಬೆರಳು ಸುಮ್ಮನಿರೋಲ್ಲ. ಇಲ್ಲೊಂದು ಕುಸುರಿ, ಅಲ್ಲೊಂದು ಜಂಭದ ಮುರುಕಿ ಅಂತ ತುಂಬುತ್ತಾ ಹೋದರೆ ಮುಗೀತು. ಬಸ್ಸು ಡಿಪೋದಲ್ಲೇ ಭರ್ತಿ. ಸ್ಟಾಪಿನಲ್ಲಿ ನಿಂತವನಿಗೆ ಸೀಟಿಲ್ಲ! ಹಾಗಂತ ಒಂದೇ ಸುತ್ತನ್ನು ಎಂಟು ಸಲ ಅಂಟಿಸಿದರೂ ನಿದ್ದೆ ಬರುತ್ತೆ. ನಾಲ್ಕನೇ ಸುತ್ತಿಗೆ ಡ್ರಮ್ಸ್ ಕೊಂಚ ಕಾವೇರಬೇಕು, ಆರನೆಯದರಲ್ಲಿ ಇಳಿಯಬೇಕು, ಕೊನೆಯಲ್ಲಿ ಎಲ್ಲರೂ ಒಟ್ಟಿಗೆ ನಿಲ್ಲಬೇಕು.

ನಮ್ಮ ನಾಡಿಗೂ ಈ ಪೈಕಿ ಒಂದು ಹೆಮ್ಮೆ ಉಂಟು. ವೇಣುವಾದಕರೂ ಇಂಜಿನಿಯರೂ ಆದ ಬೆಂಗಳೂರಿನ ಜಿ. ರಾಜ್‌ನಾರಾಯಣ್ 1970ರ ದಶಕದ ಕೊನೆಯಲ್ಲಿ ಎಲೆಕ್ಟ್ರಾನಿಕ್ ಶ್ರುತಿ ಯಂತ್ರ ರೂಪಿಸಿದರು. ಅವರ ರಾಡೆಲ್ ಕಂಪನಿಯಿಂದ ಮುಂದೆ ಎಲೆಕ್ಟ್ರಾನಿಕ್ ತಬಲಾವೂ ಬಂತು. ಪಕ್ಕವಾದ್ಯದವರು ಸಿಗದ ಊರಿನಲ್ಲೂ ಮಕ್ಕಳ ಸಂಗೀತ ಪಾಠ ನಿಲ್ಲಲಿಲ್ಲ.

ಆದರೆ ಒಂದು ಮಾತು. ಜೊತೆಯಲ್ಲಿ ಕೂತ ಡ್ರಮ್ಸ್‌ನವನು ಕಣ್ಣು ನೋಡುತ್ತಾನೆ. ನುಡಿಸುವವನು ಎಡವಿದರೆ ತಡೆದು ಹಿಡಿಯುತ್ತಾನೆ, ಉತ್ಸಾಹ ಬಂದರೆ ಜೊತೆಗೇ ಏರುತ್ತಾನೆ. ಟ್ರ್ಯಾಕಿಗೆ ಕಿವಿಯಿಲ್ಲ. ಎಡವಿದವನನ್ನು ಬಿಟ್ಟು ತನ್ನ ಪಾಡಿಗೆ ಮುಂದೆ ಹೋಗುತ್ತದೆ. ಅದರ ಜೊತೆಗೇ ವರ್ಷಗಟ್ಟಲೆ ನುಡಿಸಿದವನು ತಾಳ ಕಲಿತಾನು, ಇನ್ನೊಬ್ಬರನ್ನು ಕೇಳಿಸಿಕೊಳ್ಳೋದನ್ನು ಕಲಿಯಲಾರ. ಮೇಳದವರ ಕೂಲಿ ಉಳಿಯಿತೆಂದು ಹೋಟೆಲು, ಸಭೆಗಳೂ ಟ್ರ್ಯಾಕನ್ನೇ ಹಾಕಿಸಿದರೆ ಆ ಡ್ರಮ್ಸ್‌ನವನ ಸಂಸಾರ ನಡೆಯುವುದಾದರೂ ಹೇಗೆ?

ಮನೆಯಲ್ಲಿ ನಾಲ್ಕು ನಿಮಿಷದ ಟ್ರ್ಯಾಕ್ ಇರಲಿ, ಅಭ್ಯಾಸಕ್ಕೆ ಅದು ಒಳ್ಳೆಯದೇ. ವಾರಕ್ಕೊಮ್ಮೆಯಾದರೂ ಒಬ್ಬ ಜೀವಂತ ಡ್ರಮ್ಸ್‌ನವನಿಗೆ ಕಾಫಿ ಕೊಡಿಸಿ ಎದುರಿಗೆ ಕೂರಿಸಿಕೊಂಡರೆ ಕಲಿತ ವಿದ್ಯೆಗೂ ಬೆಲೆ ಬಂದೀತು.